ಸಿ ಡ್ರೈವ್ ತುಂಬಿತು, ಯಾವ ಫೈಲು ತೆಗೆಯೋದು? ಶಿಡ್ಲಘಟ್ಟದ ಒಂದು ಝೆರಾಕ್ಸ್ ಅಂಗಡಿಯ ಪ್ರಕರಣ

ಶಿಡ್ಲಘಟ್ಟದಲ್ಲಿ ರೇಷ್ಮೆಗೂಡು ಮಾರುಕಟ್ಟೆಗೆ ಹೋಗುವ ದಾರಿಯಲ್ಲಿರುವ ಝೆರಾಕ್ಸ್ ಮತ್ತು ಡಿಟಿಪಿ ಅಂಗಡಿ ಅದು. ಬೆಳಿಗ್ಗೆ ಗೂಡು ಹಾಕಿ ಬಂದ ರೈತರಿಗೆ ಪಾಸ್‌ಬುಕ್ ನಕಲು, ಪಹಣಿ, ಆಧಾರ್ ಪ್ರಿಂಟು. ಮಧ್ಯಾಹ್ನದ ಮೇಲೆ ಮದುವೆ ಕಾರ್ಡು, ಪಾಲುಪಟ್ಟಿಯ ಕರಡು, ಗಣಪತಿ ಹಬ್ಬದ ರಸೀದಿ ಪುಸ್ತಕ. ಇಷ್ಟಕ್ಕೂ ಇರುವುದು ಒಂದೇ ಕಂಪ್ಯೂಟರು: ಐ3 ಪ್ರೊಸೆಸರ್, 8 ಜಿಬಿ ರ‍್ಯಾಮ್, ವಿಂಡೋಸ್ 10, ಸಿ ಡ್ರೈವಿಗೆ 120 ಜಿಬಿ ಎಸ್‌ಎಸ್‌ಡಿ, ಡಿ ಡ್ರೈವಿಗೆ 1 ಟಿಬಿ ಹಾರ್ಡ್ ಡಿಸ್ಕ್. ಜೊತೆಗೆ ಕಪ್ಪುಬಿಳುಪಿನ ಲೇಸರ್ ಪ್ರಿಂಟರು, ನಾಲ್ಕು ತಿಂಗಳ ಹಿಂದೆ ತಂದ ಬಣ್ಣದ ಇಂಕ್‌ಟ್ಯಾಂಕ್ ಪ್ರಿಂಟರು, ಒಂದು ಹಳೆಯ ಸ್ಕ್ಯಾನರು.

120 ಜಿಬಿ ಎಂದು ಡಬ್ಬಿಯ ಮೇಲೆ ಬರೆದಿದ್ದರೂ ವಿಂಡೋಸ್ ತೋರಿಸುವುದು 111 ಜಿಬಿ ಮಾತ್ರ. ಕಂಪನಿಯವರು 1,000ದ ಲೆಕ್ಕದಲ್ಲಿ ಗುಣಿಸುತ್ತಾರೆ, ವಿಂಡೋಸ್ 1,024ರ ಲೆಕ್ಕದಲ್ಲಿ ಭಾಗಿಸುತ್ತದೆ. ಆ 111ರಲ್ಲಿ 110.4 ತುಂಬಿ 0.6 ಜಿಬಿ ಉಳಿದಿತ್ತು. ಕಾರ್ಡು ವಿನ್ಯಾಸ ಮಾಡುವ ಕೋರೆಲ್‌ಡ್ರಾ ಪ್ರೋಗ್ರಾಮಿನ ಫೈಲು ಸೇವ್ ಆಗುತ್ತಿರಲಿಲ್ಲ, ಪ್ರಿಂಟು ಅರ್ಧಕ್ಕೆ ನಿಲ್ಲುತ್ತಿತ್ತು, ಅಪ್‌ಡೇಟ್ ಡೌನ್‌ಲೋಡ್ ಆಗಿ ಇನ್‌ಸ್ಟಾಲ್ ಆಗದೆ ವಾಪಸು ಹೋಗುತ್ತಿತ್ತು. ಇದಕ್ಕಿಂತ ಮುಖ್ಯವಾದ ಲಕ್ಷಣ ಇನ್ನೊಂದಿತ್ತು. ಅಂಗಡಿಯ ಹುಡುಗ ಎರಡು ಸಲ ಎರಡೆರಡು ಜಿಬಿ ಖಾಲಿ ಮಾಡಿದ್ದ. ಎರಡು ಸಲವೂ ಹತ್ತು ದಿನ ಕಳೆಯುವಷ್ಟರಲ್ಲಿ ಡ್ರೈವಿನ ಪಟ್ಟಿ ಮತ್ತೆ ಕೆಂಪಾಗಿತ್ತು. ತುಂಬಿದ ಡ್ರೈವೇ ಬೇರೆ, ತುಂಬುತ್ತಲೇ ಇರುವ ಡ್ರೈವೇ ಬೇರೆ. ಎರಡನೆಯದಕ್ಕೆ ಎಷ್ಟು ಡಿಲೀಟ್ ಮಾಡಿದರೂ ತೂತಿನ ಕೊಡಕ್ಕೆ ನೀರು ಹೊಯ್ದಂತೆಯೇ.

ಮೊದಲೇ ಆಗಿದ್ದ ಅನಾಹುತ

ಹುಡುಗ ಒಂದು ವಿಡಿಯೊ ನೋಡಿಕೊಂಡು, ಫೋಲ್ಡರ್ ಆಪ್ಷನ್ಸಿನಲ್ಲಿ ಮರೆಮಾಡಿದ ಫೈಲುಗಳನ್ನೂ ರಕ್ಷಿತ ಸಿಸ್ಟಂ ಫೈಲುಗಳನ್ನೂ ಕಾಣುವಂತೆ ಮಾಡಿಕೊಂಡು ಮೂರು ಕಡೆ ಕೈ ಹಾಕಿದ್ದ. ಅವನ ವಾದ ಇಷ್ಟೇ: "ಅಣ್ಣಾ, ಬೇಕಾಗಿದ್ದು ಆಗಿದ್ರೆ ವಿಂಡೋಸೇ ಡಿಲೀಟ್ ಮಾಡಕ್ಕೆ ಬಿಡ್ತಿರ್ಲಿಲ್ಲ." ಈ ವಾದ ಕೇಳಲು ಸರಿ ಅನಿಸುತ್ತದೆ. ವಿಂಡೋಸಿನ ಮುಖ್ಯ ಫೈಲುಗಳಿರುವ ಸಿಸ್ಟಂ32 ಫೋಲ್ಡರಿನ ಬಹುಪಾಲು ಫೈಲುಗಳ ಒಡೆತನ ಟ್ರಸ್ಟೆಡ್ ಇನ್‌ಸ್ಟಾಲರ್ ಎಂಬ ಖಾತೆಯದ್ದು, ಅಡ್ಮಿನಿಸ್ಟ್ರೇಟರ್ ಆದರೂ ಅವನ್ನು ಅಳಿಸಲಾಗದು ಎಂಬುದು ನಿಜ. ಆದರೆ ಆ ಬೀಗ ಇರುವುದು ವಿಂಡೋಸಿನ ಜೊತೆಗೇ ಬಂದ ಫೈಲುಗಳಿಗೆ. ನಾವು ಆಮೇಲೆ ಹಾಕಿಕೊಂಡ ಫಾಂಟು, ಪ್ರೋಗ್ರಾಮುಗಳ ಇನ್‌ಸ್ಟಾಲರ್ ಪ್ರತಿ ಇವಕ್ಕೆಲ್ಲ ಅಂಥ ಬೀಗವಿಲ್ಲ. ಡಿಲೀಟ್ ಆಯಿತು ಎಂದರೆ ಅನುಮತಿ ಇತ್ತು ಎಂದಷ್ಟೇ ಅರ್ಥ, ಅದು ಬೇಡದ್ದಾಗಿತ್ತು ಎಂದಲ್ಲ. ಈ ಪ್ರಕರಣದಲ್ಲಿ ವಿಷಯ ಪೂರ್ತಿ ಉಲ್ಟಾ ಆಗಿತ್ತು. ವಿಂಡೋಸ್ ಸಲೀಸಾಗಿ ಬಿಟ್ಟುಕೊಟ್ಟದ್ದು ಬೇಕಾದ ಫೈಲು, ಬಾಗಿಲಲ್ಲೇ ತಡೆದದ್ದು ನಿಜವಾದ ಕಸ.

ಮೊದಲ ಪೆಟ್ಟು ಬಿದ್ದದ್ದು ಫಾಂಟ್ಸ್ ಫೋಲ್ಡರಿಗೆ. ಹೆಸರೇ ಗೊತ್ತಿಲ್ಲದ, ಹಳೇ ತಾರೀಕಿನ ಅರುವತ್ತು ಚಿಲ್ಲರೆ ಫಾಂಟುಗಳನ್ನು ತೆಗೆದಿದ್ದ. ಅದರಲ್ಲಿ 'ನುಡಿ' ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಫಾಂಟುಗಳೂ ಹೋದವು. ಅಷ್ಟೂ ಸೇರಿ ಉಳಿದ ಜಾಗ 6 ಎಂಬಿಗಿಂತ ಕಡಿಮೆ. ಹೋದದ್ದು ಏನೆಂದರೆ, ಅಂಗಡಿಯ ಮದುವೆ ಕಾರ್ಡು, ಕರಾರುಪತ್ರದ ನಮೂನೆಗಳೆಲ್ಲ ನುಡಿಯಲ್ಲೇ ಟೈಪಾದವು. ಕೆಲವು ಪಾಲುಪಟ್ಟಿಗಳ ತಲೆಬರಹದಲ್ಲಿ ಇನ್ನೂ "ಕೋಲಾರ ಜಿಲ್ಲೆ, ಶಿಡ್ಲಘಟ್ಟ ತಾಲ್ಲೂಕು" ಎಂದೇ ಇದೆ, ಅಂದರೆ 2007ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯಾಗುವ ಮೊದಲಿನವು. ಈ ಹಳೆಯ ಫೈಲುಗಳಲ್ಲಿ ಇರುವುದು ಯೂನಿಕೋಡ್ ಕನ್ನಡವಲ್ಲ. ಒಳಗೆ ಇಂಗ್ಲಿಷಿನ ಸಂಕೇತಗಳೇ ಇರುತ್ತವೆ, ಅವಕ್ಕೆ ಕನ್ನಡದ ರೂಪ ತೊಡಿಸುವುದು ಫಾಂಟು. ಫಾಂಟು ಹೋದರೆ ವಧೂವರರ ಹೆಸರಿನ ಜಾಗದಲ್ಲಿ ತಲೆಯ ಮೇಲೆ ಚುಕ್ಕಿ, ಕೊಂಬು ಹೊತ್ತ ಇಂಗ್ಲಿಷ್ ಅಕ್ಷರಗಳ ಗೊಜಲು ಕಾಣುತ್ತದೆ.

ಇದು ಸುಲಭವಾಗಿಯೇ ಸರಿಹೋಯಿತು. ಫಾಂಟು ಯಾವ ಕಂಪ್ಯೂಟರಿನದಾದರೂ ಒಂದೇ, ಬೇರೆ ಕಡೆಯಿಂದ ತಂದು ಹಾಕಬಹುದು. ನುಡಿ ತಂತ್ರಾಂಶವನ್ನು ಮತ್ತೆ ಇನ್‌ಸ್ಟಾಲ್ ಮಾಡಿ, ಹಳೆಯ ಆವೃತ್ತಿಯ ಹೆಸರಿನ ಫಾಂಟುಗಳನ್ನು ಬೇರೆ ಡಿಟಿಪಿ ಕಂಪ್ಯೂಟರಿನಿಂದ ಪೆನ್‌ಡ್ರೈವಿಗೆ ತಂದದ್ದಾಯಿತು. ಹಾಕುವಾಗ ಬಲಕ್ಲಿಕ್ಕಿನಲ್ಲಿ ಬರೀ 'ಇನ್‌ಸ್ಟಾಲ್' ಒತ್ತದೆ 'ಎಲ್ಲ ಬಳಕೆದಾರರಿಗೂ ಇನ್‌ಸ್ಟಾಲ್' ಎಂಬುದನ್ನು ಒತ್ತಬೇಕು. ವಿಂಡೋಸ್ 10ರ 2018ರ 1809 ಆವೃತ್ತಿಯಿಂದ ಈಚೆಗೆ ಬರೀ ಇನ್‌ಸ್ಟಾಲ್ ಒತ್ತಿದರೆ ಫಾಂಟು ಆ ಒಬ್ಬ ಬಳಕೆದಾರನ ಆಪ್‌ಡೇಟಾ ಫೋಲ್ಡರಿಗೆ ಹೋಗುತ್ತದೆ, ಇನ್ನೊಂದು ಲಾಗಿನ್ನಿಗೆ ಕಾಣುವುದಿಲ್ಲ. ಒಂದು ಕಾರ್ಡಿನ ಫೈಲಿನಲ್ಲಿ ಮಾತ್ರ ತೊಡಕಾಯಿತು. ಫಾಂಟು ಇಲ್ಲದಿದ್ದಾಗ ಅದನ್ನು ಕೋರೆಲ್‌ಡ್ರಾದಲ್ಲಿ ತೆರೆದು, ಬದಲಿ ಫಾಂಟಿಗೆ ಶಾಶ್ವತವಾಗಿ ಒಪ್ಪಿ ಸೇವ್ ಮಾಡಿಬಿಟ್ಟಿದ್ದರು. ಫೈಲಿನೊಳಗೆ ನುಡಿಯ ಹೆಸರೇ ಅಳಿಸಿಹೋಗಿತ್ತು. ಸಂಕೇತಗಳು ಹಾಗೇ ಇದ್ದದ್ದರಿಂದ ಸಾಲುಸಾಲಾಗಿ ಆರಿಸಿ ನುಡಿ ಫಾಂಟು ಮತ್ತೆ ಹಾಕಿದಾಗ ಕನ್ನಡ ವಾಪಸು ಬಂತು.

ಎರಡನೆಯ ಪೆಟ್ಟು ವಿಂಡೋಸ್ ಫೋಲ್ಡರಿನೊಳಗಿನ 'ಇನ್‌ಸ್ಟಾಲರ್' ಫೋಲ್ಡರಿಗೆ. ಇದೇ ದೊಡ್ಡದು, ಇದರ ಮಾತು ಕೊನೆಗೆ ಬರುತ್ತದೆ. ಮೂರನೆಯದು ಪ್ರಿಫೆಚ್. ಅದನ್ನು ಖಾಲಿ ಮಾಡಿ ಎನ್ನದ ವಿಡಿಯೊ ಇಲ್ಲವೇನೋ. ಅದರಲ್ಲಿರುವುದು ಪ್ರೋಗ್ರಾಮು ಬೇಗ ತೆರೆಯಲೆಂದು ವಿಂಡೋಸ್ ಬರೆದಿಟ್ಟುಕೊಂಡ ಚೀಟಿಗಳು, ಎಲ್ಲ ಸೇರಿ ಕೆಲವು ಹತ್ತು ಎಂಬಿ. ಅಳಿಸಿದರೆ ಒಂದೆರಡು ದಿನ ನಿಧಾನ, ಆಮೇಲೆ ಅವೇ ಚೀಟಿಗಳು ಮತ್ತೆ ಹುಟ್ಟುತ್ತವೆ. ಹಾನಿಯೂ ಇಲ್ಲ, ಲಾಭವೂ ಇಲ್ಲ.

ಲೆಕ್ಕಕ್ಕೆ ಸಿಗದ ಜಾಗ

ಏನನ್ನೂ ಅಳಿಸುವ ಮೊದಲು ಎರಡು ಕೆಲಸ ಆದವು. ನಮೂನೆಗಳು, ಫಾಂಟುಗಳು, ಗ್ರಾಹಕರ ಕೆಲಸದ ಫೈಲುಗಳನ್ನು ಹೊರಗಿನ ಹಾರ್ಡ್ ಡಿಸ್ಕಿಗೆ ನಕಲು ಮಾಡಲಾಯಿತು. ಬಾಕಿ ಇದ್ದ ರೀಸ್ಟಾರ್ಟನ್ನು ಮುಗಿಸಲಾಯಿತು. ಅರ್ಧ ಇನ್‌ಸ್ಟಾಲ್ ಆದ ಅಪ್‌ಡೇಟು ರೀಸ್ಟಾರ್ಟಿಗೆ ಕಾಯುತ್ತಿರುವಾಗ ಸಿಸ್ಟಂ ಫೈಲುಗಳ ಸಹವಾಸ ಮಾಡಬಾರದು. ಅದು ಮುಂದಿನ ಬೂಟಿನಲ್ಲಿ ಬೇಕಾದ ತುಂಡುಗಳನ್ನು ಅಲ್ಲಲ್ಲಿ ಇಟ್ಟುಕೊಂಡಿರುತ್ತದೆ.

ಆಮೇಲೆ ಅಳತೆ. ಸಿ ಡ್ರೈವಿನಲ್ಲಿ ಕಾಣುವ ಎಲ್ಲವನ್ನೂ ಆರಿಸಿ ಪ್ರಾಪರ್ಟೀಸ್ ನೋಡಿದರೆ ಸುಮಾರು 87 ಜಿಬಿ. ಡ್ರೈವು ಹೇಳುವುದು 110.4. ನಡುವಿನ 23 ಜಿಬಿ ಎಲ್ಲಿ? ಮರೆಮಾಡಿದ ಫೈಲುಗಳನ್ನು ಹುಡುಗ ಆಗಲೇ ಕಾಣುವಂತೆ ಮಾಡಿದ್ದರಿಂದ ಅವೂ ಈ 87ರಲ್ಲಿ ಸೇರಿದ್ದವು. ಉಳಿದ ಕಾರಣ ಒಂದೇ: ಅನುಮತಿ ಇಲ್ಲದ ಫೋಲ್ಡರಿನೊಳಗೆ ಎಕ್ಸ್‌ಪ್ಲೋರರ್ ಹೊಕ್ಕು ಎಣಿಸಲಾರದು. ಅಂಥ ಫೋಲ್ಡರಿಗೆ ಸದ್ದಿಲ್ಲದೆ ಸೊನ್ನೆ ಬರೆದುಕೊಂಡು ಮುಂದೆ ಹೋಗುತ್ತದೆ.

ಅಡಗಿದ್ದದ್ದು ನಿಜಕ್ಕೂ 23ಕ್ಕಿಂತ ಹೆಚ್ಚು. ಯಾಕೆಂದರೆ ವಿನ್‌ಎಸ್‌ಎಕ್ಸ್‌ಎಸ್ ಎಂಬ ಫೋಲ್ಡರು ಇನ್ನೊಂದು ದಿಕ್ಕಿನಿಂದ ಲೆಕ್ಕ ಕೆಡಿಸುತ್ತದೆ. ವಿಂಡೋಸಿನ ಎಲ್ಲ ಭಾಗಗಳ ಮೂಲ ಪ್ರತಿ ಅಲ್ಲಿರುತ್ತದೆ, ಸಿಸ್ಟಂ32ನಲ್ಲಿ ಕಾಣುವ ಎಷ್ಟೋ ಫೈಲುಗಳು ಅಲ್ಲಿಯ ಫೈಲುಗಳೇ. ಹಾರ್ಡ್ ಲಿಂಕ್ ಎನ್ನುತ್ತಾರೆ. ಒಂದೇ ಮನೆಗೆ ಎರಡು ಬೀದಿಗೆ ಎರಡು ಬಾಗಿಲು ಇದ್ದಂತೆ. ಬಾಗಿಲು ಎಣಿಸುತ್ತ ಹೋದವನಿಗೆ ಎರಡು ಮನೆ ಸಿಗುತ್ತವೆ. ಇಲ್ಲಿ ಹೀಗೆ ಎರಡೆರಡು ಸಲ ಎಣಿಕೆಯಾದದ್ದು ಸುಮಾರು 7 ಜಿಬಿ. ಅದನ್ನು ಕಳೆದರೆ ಕಣ್ಣಿಗೆ ಬೀಳದ ಜಾಗ 30 ಜಿಬಿಯ ಆಸುಪಾಸು.

ವಿಜ್‌ಟ್ರೀ ಎಂಬ ಸಾಧನವನ್ನು ಬಲಕ್ಲಿಕ್ ಮಾಡಿ ಅಡ್ಮಿನಿಸ್ಟ್ರೇಟರ್ ಆಗಿ ಓಡಿಸಿದಾಗ ವಿಷಯ ಅರ್ಧ ನಿಮಿಷದಲ್ಲಿ ಬಯಲಾಯಿತು. ಅದು ಫೋಲ್ಡರುಗಳ ಬಾಗಿಲು ತಟ್ಟುವುದಿಲ್ಲ, ಡ್ರೈವಿನ ಮುಖ್ಯ ಫೈಲ್ ಪಟ್ಟಿಯನ್ನೇ ನೇರ ಓದುತ್ತದೆ, ಹಾಗಾಗಿ ಬೀಗ ಹಾಕಿದ ಫೋಲ್ಡರೂ ಎಣಿಕೆಗೆ ಸಿಗುತ್ತದೆ. ಅತಿ ಭಾರದ ಫೋಲ್ಡರು ಸಿಸ್ಟಂ32ನ ಒಳಗೇ ಇತ್ತು: ಸ್ಪೂಲ್, ಅದರೊಳಗೆ ಪ್ರಿಂಟರ್ಸ್, 28.4 ಜಿಬಿ. ಇನ್ನೊಂದು 2.2 ಜಿಬಿ ಸಿಸ್ಟಂ ವಾಲ್ಯೂಮ್ ಇನ್‌ಫರ್ಮೇಷನ್ ಫೋಲ್ಡರಿನಲ್ಲಿ, ಅಂದರೆ ಏನಾದರೂ ಕೆಟ್ಟರೆ ಹಿಂದಿನ ಸ್ಥಿತಿಗೆ ಮರಳಲು ವಿಂಡೋಸ್ ಉಳಿಸಿಟ್ಟ ರಿಸ್ಟೋರ್ ಪಾಯಿಂಟುಗಳು.

ಪ್ರಿಂಟರಿನ ಕಸ

ಪ್ರಿಂಟು ಕೊಟ್ಟಾಗ ಕೆಲಸ ನೇರ ಪ್ರಿಂಟರಿಗೆ ಹೋಗುವುದಿಲ್ಲ. ಸ್ಪೂಲರ್ ಎಂಬ ವಿಂಡೋಸ್ ಸೇವೆ ಅದನ್ನು ಮೊದಲು ಈ ಫೋಲ್ಡರಿಗೆ ಇಳಿಸುತ್ತದೆ. ಪ್ರತಿ ಕೆಲಸಕ್ಕೂ ಎರಡು ಫೈಲು ಹುಟ್ಟುತ್ತವೆ. ಎಸ್‌ಪಿಎಲ್ ಎಂದು ಕೊನೆಯಾಗುವುದರಲ್ಲಿ ಮುದ್ರಿಸಬೇಕಾದ ಪುಟ, ಎಸ್‌ಹೆಚ್‌ಡಿ ಎಂದು ಕೊನೆಯಾಗುವುದರಲ್ಲಿ ಯಾರು ಕಳಿಸಿದರು, ಯಾವ ಪ್ರಿಂಟರಿಗೆ ಎಂಬ ವಿವರ. ಪುಟ ಹೊರಬಿದ್ದ ಮೇಲೆ ಎರಡೂ ತಾವಾಗಿ ಅಳಿಯಬೇಕು. ಇಲ್ಲಿ 4,736 ಕೆಲಸಗಳ ಜೋಡಿಗಳು ಬಿದ್ದಿದ್ದವು, ಸರಾಸರಿ 6 ಎಂಬಿ. ಮೊಬೈಲಿನಿಂದ ಬಂದ ಫೋಟೊ ಮೂಲದಲ್ಲಿ 2 ಎಂಬಿ ಇದ್ದರೂ ಮುದ್ರಣಕ್ಕೆ ಬಿಚ್ಚಿಕೊಂಡಾಗ ಅದರ ಹಲವು ಪಟ್ಟು ಆಗುತ್ತದೆ, ಅದಕ್ಕೇ ಈ ಭಾರ.

ಅತಿ ಹಳೆಯ ಫೈಲಿನ ತಾರೀಕು ಬಣ್ಣದ ಪ್ರಿಂಟರು ತಂದ ವಾರದ್ದು. ಗುಟ್ಟು ಅಲ್ಲೇ ಇತ್ತು. ಆ ಪ್ರಿಂಟರಿನ ಪ್ರಿಂಟರ್ ಪ್ರಾಪರ್ಟೀಸ್, ಅಡ್ವಾನ್ಸ್ಡ್ ಟ್ಯಾಬ್, ಕೆಳಭಾಗದಲ್ಲಿ 'ಕೀಪ್ ಪ್ರಿಂಟೆಡ್ ಡಾಕ್ಯುಮೆಂಟ್ಸ್' ಎಂಬ ಚೌಕಕ್ಕೆ ಟಿಕ್ ಹಾಕಿದ್ದರು. ಒಂದೇ ಅರ್ಜಿಯ ಇನ್ನೊಂದು ಪ್ರತಿ ಬೇಕೆಂದವರಿಗೆ ಫೈಲು ಹುಡುಕದೆ ಕ್ಯೂ ಕಿಟಕಿಯಿಂದಲೇ ಮತ್ತೆ ಮುದ್ರಿಸಿ ಕೊಡಲು ಅನುಕೂಲ ಎಂದು. ಅನುಕೂಲವೇನೋ ಇತ್ತು. ಆದರೆ ಮುದ್ರಣವಾದ ಒಂದೊಂದು ಹಾಳೆಯೂ ಅಲ್ಲೇ ಉಳಿಯಿತು. ದಿನಕ್ಕೆ ನಲವತ್ತು ಕೆಲಸದಂತೆ ಹತ್ತು ದಿನಕ್ಕೆ ಎರಡು ಜಿಬಿಗಿಂತ ಹೆಚ್ಚು: ಖಾಲಿ ಮಾಡಿದ್ದು ಹತ್ತೇ ದಿನದಲ್ಲಿ ತುಂಬುತ್ತಿದ್ದದ್ದು ಇದರಿಂದ. ಜೊತೆಗೆ ಅಷ್ಟೂ ಜನರ ಆಧಾರ್, ಪಾಸ್‌ಬುಕ್ಕಿನ ಪ್ರತಿ ಅಂಗಡಿಯ ಕಂಪ್ಯೂಟರಿನಲ್ಲಿ ಕೂತಿತ್ತು. ಜಾಗದ ಚಿಂತೆ ಇಲ್ಲದಿದ್ದರೂ ಅಳಿಸಲೇಬೇಕಾದದ್ದು.

ಮೊದಲು ಟಿಕ್ ತೆಗೆಯಬೇಕು. ಪ್ರತಿ ಪ್ರಿಂಟರಿಗೂ ಈ ಚೌಕ ಬೇರೆ ಬೇರೆ, ಎರಡನ್ನೂ ನೋಡಬೇಕು. ಕ್ಯೂನಲ್ಲಿ ಮುದ್ರಣಕ್ಕೆ ಬಾಕಿ ಇರುವುದೇನೂ ಇಲ್ಲ ಎಂದು ಖಾತ್ರಿಯಾದ ಮೇಲೆ ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು 'ನೆಟ್ ಸ್ಟಾಪ್ ಸ್ಪೂಲರ್' ಎಂದು ಇಂಗ್ಲಿಷಿನಲ್ಲಿ ಟೈಪಿಸಿ ಸೇವೆ ನಿಲ್ಲಿಸಿದ್ದು. ನಿಲ್ಲಿಸದಿದ್ದರೆ ಫೈಲು ಬಳಕೆಯಲ್ಲಿದೆ ಎಂದು ಒಂದಷ್ಟು ಉಳಿದುಬಿಡುತ್ತವೆ. ಆಮೇಲೆ ಪ್ರಿಂಟರ್ಸ್ ಫೋಲ್ಡರಿನ ಒಳಗಿನದನ್ನೆಲ್ಲ ಅಳಿಸಿ, 'ನೆಟ್ ಸ್ಟಾರ್ಟ್ ಸ್ಪೂಲರ್' ಎಂದು ಮತ್ತೆ ಶುರು ಮಾಡಿದ್ದು. ಅಳಿಸುವುದು ಒಳಗಿನದನ್ನು ಮಾತ್ರ, ಫೋಲ್ಡರನ್ನಲ್ಲ. ಪಕ್ಕದಲ್ಲೇ ಡ್ರೈವರ್ಸ್, ಪಿಆರ್‌ಟಿಪ್ರಾಕ್ಸ್ ಎಂಬ ಫೋಲ್ಡರುಗಳಿವೆ, ಡ್ರೈವರ್ಸಿನ ಒಳಗೆ ಕಲರ್ ಎಂಬುದಿದೆ. ಒಂದರಲ್ಲಿ ಪ್ರಿಂಟರುಗಳ ಡ್ರೈವರು, ಇನ್ನೊಂದರಲ್ಲಿ ಪುಟವನ್ನು ಪ್ರಿಂಟರಿನ ಭಾಷೆಗೆ ಇಳಿಸುವ ಭಾಗ, ಮತ್ತೊಂದರಲ್ಲಿ ಬಣ್ಣದ ಪ್ರೊಫೈಲುಗಳು. ಕೈ ಒಂದು ಗೆರೆ ಜಾರಿ ಅವುಗಳ ಮೇಲೆ ಬಿದ್ದರೆ ಪ್ರಿಂಟರನ್ನು ಹೊಸದಾಗಿ ಕೂರಿಸಬೇಕಾಗುತ್ತದೆ.

"ಸಿಸ್ಟಂ32ನ ಮುಟ್ಟಬೇಡ" ಎಂಬ ಮಾತು ಒಳ್ಳೆಯದೇ. ಆದರೆ ಈ ಅಂಗಡಿಯಲ್ಲಿ ಕಾಲು ಡ್ರೈವು ತಿಂದ ಕಸ ಅದರೊಳಗೇ ಇತ್ತು. ಫೋಲ್ಡರಿನ ಹೆಸರು ನೋಡಿ ಹೆದರುವುದಾಗಲಿ, ಫೈಲಿನ ತಾರೀಕು ನೋಡಿ ಧೈರ್ಯ ಮಾಡುವುದಾಗಲಿ ಕೆಲಸಕ್ಕೆ ಬಾರದು. ಈ ಫೈಲನ್ನು ಇಟ್ಟವರು ಯಾರು, ಹೋದರೆ ಅವರು ಮತ್ತೆ ಮಾಡಿಕೊಳ್ಳಬಲ್ಲರೆ, ತೆಗೆಯಲು ಅವರೇ ಇಟ್ಟ ದಾರಿ ಯಾವುದು ಎಂದು ಕೇಳಬೇಕು. ಸ್ಪೂಲರ್ ಇಟ್ಟದ್ದನ್ನು ಸ್ಪೂಲರ್ ನಿಲ್ಲಿಸಿ ತೆಗೆದೆವು. ಉಳಿದವಕ್ಕೂ ಇದೇ ಅಳತೆಗೋಲು.

ಉಳಿದವು

ಸಾಫ್ಟ್‌ವೇರ್ ಡಿಸ್ಟ್ರಿಬ್ಯೂಷನ್ ಫೋಲ್ಡರಿನ ಒಳಗಿನ ಡೌನ್‌ಲೋಡ್, 5.1 ಜಿಬಿ. ವಿಂಡೋಸ್ ಅಪ್‌ಡೇಟ್ ಇಳಿಸಿಕೊಂಡ ಪೊಟ್ಟಣಗಳು. ಜಾಗ ಸಾಲದೆ ಇನ್‌ಸ್ಟಾಲ್ ಆಗದೆ ಉಳಿದವೇ ಹೆಚ್ಚು. ಅಪ್‌ಡೇಟ್ ಸೇವೆ, ಹಿನ್ನೆಲೆಯಲ್ಲಿ ಫೈಲು ಇಳಿಸಿಕೊಳ್ಳುವ ಬಿಟ್ಸ್ ಸೇವೆ ಎರಡನ್ನೂ ನಿಲ್ಲಿಸಿ, ಡೌನ್‌ಲೋಡಿನ ಒಳಗಿನದನ್ನು ಅಳಿಸಿ, ಮತ್ತೆ ಶುರು ಮಾಡಿದ್ದು. ಪಕ್ಕದ ಡೇಟಾಸ್ಟೋರ್ ಫೋಲ್ಡರಿನಲ್ಲಿ ಅಪ್‌ಡೇಟ್ ಚರಿತ್ರೆ ಇರುತ್ತದೆ, ಅದನ್ನು ಹಾಗೇ ಬಿಟ್ಟದ್ದು. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದ್ದರೂ ಈ ಕಂಪ್ಯೂಟರನ್ನು ವಿಸ್ತರಿತ ಭದ್ರತಾ ಅಪ್‌ಡೇಟಿಗೆ ನೋಂದಾಯಿಸಿದ್ದರು, ಹಾಗಾಗಿ ಬೇಕಾದ ಪೊಟ್ಟಣವನ್ನು ಅದು ಮತ್ತೆ ಇಳಿಸಿಕೊಂಡಿತು.

ಹೈಬರ್‌ಫಿಲ್ ಡಾಟ್ ಸಿಸ್, 3.2 ಜಿಬಿ. ಹೈಬರ್ನೇಟ್ ಆಗುವಾಗ ರ‍್ಯಾಮಿನಲ್ಲಿರುವುದನ್ನು ಇಳಿಸಿಡುವ ಫೈಲು, ಗಾತ್ರ ಸಾಮಾನ್ಯವಾಗಿ ರ‍್ಯಾಮಿನ ಶೇ. 40. ಇದನ್ನು ಕೈಯಿಂದ ಅಳಿಸಲು ಬರುವುದಿಲ್ಲ. 'ಪವರ್‌ಸಿಎಫ್‌ಜಿ /ಹೆಚ್ ಆಫ್' ಎಂಬ ಕಮಾಂಡ್ ಕೊಟ್ಟರೆ ವಿಂಡೋಸೇ ತೆಗೆಯುತ್ತದೆ. ಜೊತೆಗೆ ಫಾಸ್ಟ್ ಸ್ಟಾರ್ಟಪ್ಪೂ ಹೋಗುತ್ತದೆ. ಎಸ್‌ಎಸ್‌ಡಿ ಇರುವ ಡೆಸ್ಕ್‌ಟಾಪಿನಲ್ಲಿ ಅದರಿಂದ ಆಗುವ ತಡ ಕೆಲವು ಸೆಕೆಂಡು. ಲ್ಯಾಪ್‌ಟಾಪ್ ಆಗಿದ್ದರೆ ಹೀಗೆ ಮಾಡುತ್ತಿರಲಿಲ್ಲ, ಬ್ಯಾಟರಿ ಮುಗಿಯುವಾಗ ಹೈಬರ್ನೇಟೇ ಕೆಲಸ ಉಳಿಸುವುದು. ಪೇಜ್‌ಫೈಲ್ ಡಾಟ್ ಸಿಸ್, 4.8 ಜಿಬಿ, ರ‍್ಯಾಮು ಸಾಲದಾಗ ವಿಂಡೋಸ್ ಬಳಸುವ ಫೈಲು, ಇದನ್ನು ಮಾತ್ರ ಮುಟ್ಟಲಿಲ್ಲ. 8 ಜಿಬಿ ರ‍್ಯಾಮಿನಲ್ಲಿ ಕೋರೆಲ್‌ಡ್ರಾವೂ ಇಪ್ಪತ್ತು ಕ್ರೋಮ್ ಟ್ಯಾಬೂ ಒಟ್ಟಿಗೆ ತೆರೆದಿರುವ ಅಂಗಡಿ ಅದು. ಪೇಜ್‌ಫೈಲ್ ತೆಗೆದರೆ ರ‍್ಯಾಮು ತುಂಬಿದ ಕ್ಷಣ ಪ್ರೋಗ್ರಾಮು ಮುಚ್ಚಿಕೊಳ್ಳುತ್ತದೆ. ಡಿ ಡ್ರೈವಿಗೆ ಸಾಗಿಸಬಹುದು, ಆದರೆ ಅದು ತಿರುಗುವ ಹಾರ್ಡ್ ಡಿಸ್ಕ್, ಜಾಗ ಉಳಿಸಿ ವೇಗ ಕಳೆದುಕೊಂಡಂತೆ.

ಮೆಮರಿ ಡಾಟ್ ಡಿಎಂಪಿ, 1.1 ಜಿಬಿ. ಎಂದೋ ಒಮ್ಮೆ ನೀಲಿ ಪರದೆ ಬಂದಾಗ ಬರೆದಿಟ್ಟ ತನಿಖೆಯ ಕಡತ. ಈಗ ತನಿಖೆ ಮಾಡುವವರಿಲ್ಲ, ತೆಗೆದದ್ದಾಯಿತು.

ಟೆಂಪ್ ಫೋಲ್ಡರು ಎರಡಿವೆ, ಬಳಕೆದಾರನದ್ದೊಂದು, ವಿಂಡೋಸಿನದ್ದೊಂದು. ಒಟ್ಟು 4.6 ಜಿಬಿ. ಟೆಂಪ್ ಎಂದರೆ ಕಣ್ಣು ಮುಚ್ಚಿ ಅಳಿಸಬಹುದು ಎಂಬುದು ಬಹುಮಟ್ಟಿಗೆ ನಿಜ, ಆದರೆ ಡಿಟಿಪಿ ಅಂಗಡಿಯಲ್ಲಿ ಒಂದು ಅಪವಾದ ಇದೆ. ಕೋರೆಲ್‌ಡ್ರಾ ತನ್ನ ಆಟೋ ಬ್ಯಾಕಪ್ ಪ್ರತಿಗಳನ್ನು ಟೆಂಪಿಗೇ ಹಾಕುವಂತೆ ಸೆಟ್ ಆಗಿರಬಹುದು. ಯುಪಿಎಸ್ ಕೈಕೊಟ್ಟು ಕರೆಂಟು ಹೋದ ದಿನ ಟೆಂಪ್ ಖಾಲಿ ಮಾಡಿದರೆ ಅರ್ಧ ದಿನದ ಕೆಲಸ ಅದರ ಜೊತೆ ಹೋಗುತ್ತದೆ. ಇಲ್ಲಿ ಹುಡುಕಿದಾಗ ಬ್ಯಾಕಪ್ ಎಂಬ ಹೆಸರಿನ ಹನ್ನೊಂದು ಕೋರೆಲ್ ಫೈಲು ಸಿಕ್ಕವು, ಅವನ್ನು ಡಿ ಡ್ರೈವಿಗೆ ಎತ್ತಿಟ್ಟು ಒಂದು ವಾರಕ್ಕಿಂತ ಹಳೆಯದಾದ ಉಳಿದದ್ದನ್ನು ಅಳಿಸಲಾಯಿತು. ಬಳಕೆಯಲ್ಲಿದೆ ಎಂದವನ್ನು 'ಸ್ಕಿಪ್' ಒತ್ತಿ ಬಿಟ್ಟದ್ದು. ಆಮೇಲೆ ಆಟೋ ಬ್ಯಾಕಪ್ಪಿನ ಜಾಗವನ್ನೇ ಡಿ ಡ್ರೈವಿಗೆ ಬದಲಿಸಿದ್ದಾಯಿತು.

ವಿನ್‌ಎಸ್‌ಎಕ್ಸ್‌ಎಸ್ ಫೋಲ್ಡರಿನೊಳಗೆ ಕೈಯಿಂದ ಒಂದು ಫೈಲನ್ನೂ ತೆಗೆಯಬಾರದು. ಅದಕ್ಕೆ ಡಿಸ್ಮ್ ಎಂಬ ಕಮಾಂಡ್ ಇದೆ. ಮೊದಲು 'ಅನಲೈಜ್ ಕಾಂಪೊನೆಂಟ್ ಸ್ಟೋರ್' ಆಯ್ಕೆಯಿಂದ ಕೇಳಿದರೆ ನಿಜವಾದ ಲೆಕ್ಕ ಹೇಳುತ್ತದೆ. ಎಕ್ಸ್‌ಪ್ಲೋರರ್ ಕಂಡದ್ದು 10.8 ಜಿಬಿ, ನಿಜವಾದದ್ದು 9.9, ಅದರಲ್ಲಿ 6.3 ವಿಂಡೋಸಿನ ಜೊತೆ ಹಂಚಿಕೊಂಡದ್ದು, 3.4 ಹಳೆಯ ಅಪ್‌ಡೇಟುಗಳ ಬ್ಯಾಕಪ್, 0.2 ತಾತ್ಕಾಲಿಕ. ಅಂದರೆ ಪೂರ್ತಿ ಸವರಿದರೂ 3.6 ಜಿಬಿಗಿಂತ ಹೆಚ್ಚು ಸಿಗದು. 'ಸ್ಟಾರ್ಟ್ ಕಾಂಪೊನೆಂಟ್ ಕ್ಲೀನಪ್' ಓಡಿಸಿದಾಗ 1.7 ಜಿಬಿ ಬಂತು. ಓಡುವಾಗ ಶೇಕಡಾ 20ರ ಹತ್ತಿರ ಬಹಳ ಹೊತ್ತು ನಿಂತಂತೆ ಕಂಡಿತು, ನಿಂತಿರಲಿಲ್ಲ. ಆಗ ಕಿಟಕಿ ಮುಚ್ಚುವುದು, ಸ್ವಿಚ್ ಆರಿಸುವುದು ಮಾಡಬಾರದು. ಯುಪಿಎಸ್ ಇಲ್ಲದ ಕಡೆ ಕರೆಂಟು ಹೋಗದ ಹೊತ್ತು ನೋಡಿಕೊಂಡೇ ಶುರು ಮಾಡಬೇಕು. 'ರೀಸೆಟ್ ಬೇಸ್' ಎಂಬ ಇನ್ನೊಂದು ಆಯ್ಕೆ ಸೇರಿಸಿದರೆ ಇನ್ನಷ್ಟು ಸಿಗುತ್ತಿತ್ತು. ಸೇರಿಸಲಿಲ್ಲ. ಅದಾದ ಮೇಲೆ ಈಗಿರುವ ಅಪ್‌ಡೇಟುಗಳನ್ನು ಹಿಂದೆಗೆಯಲು ಬಾರದು, ಪ್ರಿಂಟರನ್ನೇ ನಂಬಿದ ಅಂಗಡಿಯಲ್ಲಿ ಪ್ರಿಂಟರು ಕೆಡಿಸುವ ಅಪ್‌ಡೇಟ್ ಬಂದರೆ ಹಿಂದೆ ಹೋಗುವ ದಾರಿ ಇರಬೇಕು.

ಮಾರಿಹೋದ ಮೂರು ಹಳೆ ಪ್ರಿಂಟರುಗಳ ಡ್ರೈವರು ಇನ್ನೂ ಇದ್ದವು. ಡ್ರೈವರ್ ಸ್ಟೋರ್ ಫೋಲ್ಡರಿಗೆ ಹೋಗಿ ಅಳಿಸುವುದಲ್ಲ. ಡಿವೈಸಸ್ ಅಂಡ್ ಪ್ರಿಂಟರ್ಸ್ ಕಿಟಕಿಯಲ್ಲಿ ಮೊದಲು ಪ್ರಿಂಟರಿನ ಚಿತ್ರ ತೆಗೆದು, ಆಮೇಲೆ ಪ್ರಿಂಟ್ ಸರ್ವರ್ ಪ್ರಾಪರ್ಟೀಸಿನ ಡ್ರೈವರ್ಸ್ ಟ್ಯಾಬಿನಲ್ಲಿ ಡ್ರೈವರನ್ನೂ ಅದರ ಪ್ಯಾಕೇಜನ್ನೂ ಒಟ್ಟಿಗೆ ತೆಗೆಯುವ ಆಯ್ಕೆ. 0.9 ಜಿಬಿ ಸಿಕ್ಕಿತು.

ಡೌನ್‌ಲೋಡ್ಸ್ ಸಿಸ್ಟಂ ಫೋಲ್ಡರಲ್ಲ, ಆದರೂ ಒಂದು ಎಚ್ಚರಿಕೆ. ವಾಟ್ಸಾಪಿನಲ್ಲಿ ಬಂದ ಕಾಗದಗಳೆಲ್ಲ ಅಲ್ಲಿದ್ದವು, 8.2 ಜಿಬಿ. ಸೆಟ್ಟಿಂಗ್ಸಿನ ತಾತ್ಕಾಲಿಕ ಫೈಲುಗಳ ಪಟ್ಟಿಯಲ್ಲಿ ಡೌನ್‌ಲೋಡ್ಸ್ ಕೂಡ ಒಂದು ಸಾಲಾಗಿ ಕಾಣುತ್ತದೆ, ಎಲ್ಲಕ್ಕೂ ಟಿಕ್ ಹಾಕುವ ಆತುರದಲ್ಲಿ ಅದಕ್ಕೂ ಟಿಕ್ ಬೀಳುತ್ತದೆ. ಇಲ್ಲಿ ಆ ಫೋಲ್ಡರನ್ನೇ ಪ್ರಾಪರ್ಟೀಸಿನ ಲೊಕೇಷನ್ ಟ್ಯಾಬಿನಿಂದ ಡಿ ಡ್ರೈವಿಗೆ ಸಾಗಿಸಲಾಯಿತು. ರಿಸ್ಟೋರ್ ಪಾಯಿಂಟಿನ 2.2 ಜಿಬಿ ಎಲ್ಲ ಮುಗಿಯುವವರೆಗೆ ಇರಲಿ ಎಂದು ಬಿಟ್ಟದ್ದು. ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ ಅಕ್ಷರವಿಲ್ಲದೆ ಕಾಣುವ ಎರಡು ಸಣ್ಣ ಭಾಗಗಳ ಬಗ್ಗೆ ಹುಡುಗ ಕೇಳಿದ್ದ: ಒಂದು ಬೂಟಿನದ್ದು, ಇನ್ನೊಂದು ರಿಕವರಿಯದ್ದು. ಎರಡನ್ನೂ ಮುಟ್ಟುವಂತಿಲ್ಲ.

ಇನ್‌ಸ್ಟಾಲರ್ ಫೋಲ್ಡರಿನ ರಿಪೇರಿ

ಪ್ರೋಗ್ರಾಮು ಇನ್‌ಸ್ಟಾಲ್ ಮಾಡಿದಾಗ ಅದರ ಎಂಎಸ್‌ಐ ಫೈಲಿನ ಒಂದು ಪ್ರತಿಯನ್ನು, ತೇಪೆ ಹಾಕಿದಾಗ ಎಂಎಸ್‌ಪಿ ಪ್ರತಿಯನ್ನು ವಿಂಡೋಸ್ ಇಲ್ಲಿ ಇಟ್ಟುಕೊಳ್ಳುತ್ತದೆ. ಹೆಸರು ಅರ್ಥವಿಲ್ಲದ ಅಂಕಿ ಅಕ್ಷರಗಳ ಸರ, ಅದಕ್ಕೇ ಕಸದಂತೆ ಕಾಣುತ್ತದೆ. ಮುಂದೆ ಆ ಪ್ರೋಗ್ರಾಮನ್ನು ಅಪ್‌ಡೇಟ್ ಮಾಡಲು, ರಿಪೇರಿ ಮಾಡಲು, ತೆಗೆಯಲು ಈ ಪ್ರತಿಯೇ ಬೇಕು. ಇಲ್ಲದಿದ್ದರೆ ನಾಳೆಯೇ ಏನೂ ಆಗುವುದಿಲ್ಲ, ಅದೇ ಇದರ ಮೋಸ. ತಿಂಗಳಾದ ಮೇಲೆ ಆಫೀಸ್ ಅಪ್‌ಡೇಟ್ ಮಾಡಲು ಹೋದಾಗ, ಬೇಕಾದ ಭಾಗ ಇರುವ ಜಾಗ ಸಿಗುತ್ತಿಲ್ಲ ಎಂಬ ಸಂದೇಶ ಬಂದು ನಿಲ್ಲುತ್ತದೆ. ಆ ಹೊತ್ತಿಗೆ ಎಂದೋ ಅಳಿಸಿದ ಫೈಲಿನ ನೆನಪೂ ಯಾರಿಗೂ ಇರುವುದಿಲ್ಲ.

ಫಾಂಟಿನಂತೆ ಇದನ್ನು ಪಕ್ಕದ ಕಂಪ್ಯೂಟರಿನಿಂದ ತರಲಾಗದು. ಯಾವ ಪ್ರೋಗ್ರಾಮಿನ ಪ್ರತಿ ಯಾವ ಹೆಸರಿನಲ್ಲಿದೆ ಎಂಬ ನಂಟು ರಿಜಿಸ್ಟ್ರಿ ಎಂಬ ವಿಂಡೋಸಿನ ಸೆಟ್ಟಿಂಗುಗಳ ದಾಖಲೆಯಲ್ಲಿ ಬರೆದಿರುತ್ತದೆ, ಒಂದೊಂದು ಕಂಪ್ಯೂಟರಿನಲ್ಲೂ ಆ ಹೆಸರು ಬೇರೆ.

ಅದೃಷ್ಟಕ್ಕೆ ಹುಡುಗ ಎರಡನೆಯ ಸಲ ಅಳಿಸಿರಲಿಲ್ಲ. 37 ಫೈಲು, 2.3 ಜಿಬಿ, ಕತ್ತರಿಸಿ ಡಿ ಡ್ರೈವಿನಲ್ಲಿ "ಹಳೇದು" ಎಂಬ ಫೋಲ್ಡರಿಗೆ ಹಾಕಿದ್ದ. ಹೆಸರು ಬದಲಿಸಿರಲಿಲ್ಲ. ಹಾಗೇ ಹಿಂದಕ್ಕೆ ಹಾಕಿದ್ದೇ ರಿಪೇರಿ. ಜಾಗ ಉಳಿಸುವ ಕೆಲಸದ ನಡುವೆ ಸಿ ಡ್ರೈವಿಗೆ 2.3 ಜಿಬಿ ತುಂಬುವುದು ಮಾಲೀಕರಿಗೆ ಸರಿಕಾಣಲಿಲ್ಲ, ಆದರೆ ಅದೇ ಸಂಜೆ ಎರಡು ತಿಂಗಳಿಂದ ತಕರಾರು ಮಾಡುತ್ತಿದ್ದ ಆಫೀಸ್ ಅಪ್‌ಡೇಟು ಸದ್ದಿಲ್ಲದೆ ಮುಗಿಯಿತು.

ಮೊದಲ ಸಲ ಅಳಿಸಿ ರೀಸೈಕಲ್ ಬಿನ್ ಖಾಲಿ ಮಾಡಿದ್ದ ಮೂರು ಫೈಲು ಮಾತ್ರ ಬಾಕಿ. ಯಾವುವೆಂದು ತಿಳಿಯಲು ರಿಜಿಸ್ಟ್ರಿಯ ಇನ್‌ಸ್ಟಾಲರ್ ವಿಭಾಗದಲ್ಲಿ 'ಲೋಕಲ್ ಪ್ಯಾಕೇಜ್' ಎಂಬ ಸಾಲುಗಳು ಹೇಳುವ ಫೈಲು ಫೋಲ್ಡರಿನಲ್ಲಿ ಇದೆಯೇ ಎಂದು ಒಂದೊಂದಾಗಿ ಹೋಲಿಸಿ ನೋಡಿದ್ದು. ಎರಡು, ಬೇರೆ ಪ್ರೋಗ್ರಾಮುಗಳು ಓಡಲು ಬೇಕಾಗುವ ಮೈಕ್ರೊಸಾಫ್ಟಿನ ವಿಷುವಲ್ ಸಿ++ ರನ್‌ಟೈಮಿನವು. ಅದೇ ಆವೃತ್ತಿಯನ್ನು ಇಳಿಸಿ ರಿಪೇರಿ ಒತ್ತಿದಾಗ ಪ್ರತಿ ಮತ್ತೆ ಕೂತಿತು. ಮೂರನೆಯದು ಸ್ಕ್ಯಾನರಿನ ಪ್ರೋಗ್ರಾಮು. ಮೂಲ ಎಂಎಸ್‌ಐ ಸಿಕ್ಕರೆ 'ಎಂಎಸ್‌ಐಎಕ್ಸೆಕ್ /ಎಫ್‌ವಿ' ಎಂದು ಕೊಟ್ಟು ಅದರ ಮುಂದೆ ಆ ಫೈಲಿನ ದಾರಿ ಬರೆದರೆ ಪ್ರತಿಯನ್ನು ವಿಂಡೋಸ್ ಹೊಸದಾಗಿ ಇಟ್ಟುಕೊಳ್ಳುತ್ತದೆ, ಆದರೆ ಆವೃತ್ತಿ ಒಂದಂಕಿಯೂ ಬದಲಾಗಿರಬಾರದು. ಈಗ ಸಿಗುವುದೆಲ್ಲ ಹೊಸ ಆವೃತ್ತಿ. ಹೊಸದನ್ನು ಹಾಕಲು ಹಳೆಯದನ್ನು ತೆಗೆಯಬೇಕು, ಹಳೆಯದನ್ನು ತೆಗೆಯಲು ಹೋದ ಫೈಲೇ ಬೇಕು.

ಕೆಲಸ ಮುಗಿದಾಗ ಡ್ರೈವಿನಲ್ಲಿ 51.5 ಜಿಬಿ ಖಾಲಿ: ಅಳಿಸಿದ್ದರಿಂದ 45.0, ಡೌನ್‌ಲೋಡ್ಸ್ ಸಾಗಿಸಿದ್ದರಿಂದ 8.2, ಮೊದಲಿದ್ದ 0.6, ಇದರಲ್ಲಿ ಹಿಂದಕ್ಕೆ ಹಾಕಿದ 2.3 ಕಳೆದು. ಹದಿನೈದು ದಿನಕ್ಕೆ ಮತ್ತೆ ನೋಡಿದಾಗ ಇಳಿದಿದ್ದು ಒಂದೂಕಾಲು ಜಿಬಿ, ಸ್ಪೂಲಿನ ಪ್ರಿಂಟರ್ಸ್ ಫೋಲ್ಡರು ಖಾಲಿ. ಮರುಮುದ್ರಣಕ್ಕೆ ಈಗ ಡಿ ಡ್ರೈವಿನಲ್ಲಿ "ಇವತ್ತಿನದು" ಎಂಬ ಫೋಲ್ಡರಿದೆ, ಅಂಗಡಿ ಮುಚ್ಚುವಾಗ ಹುಡುಗ ಅದನ್ನು ಖಾಲಿ ಮಾಡುತ್ತಾನೆ. ಸ್ಕ್ಯಾನರು ಹಳೆಯ ಪ್ರೋಗ್ರಾಮಿನಲ್ಲೇ ನಡೆಯುತ್ತಿದೆ. ಅದರ ಮೂಲ ಸಿಡಿ ಗಲ್ಲಾಪೆಟ್ಟಿಗೆಯ ಕೆಳಗಿನ ಡ್ರಾಯರಿನಲ್ಲೇ ಸಿಕ್ಕಿದೆ, ಕಂಪ್ಯೂಟರಿಗೆ ಸಿಡಿ ಡ್ರೈವಿಲ್ಲ. ಪಕ್ಕದ ಫೋಟೊ ಸ್ಟುಡಿಯೊದವರ ಯುಎಸ್‌ಬಿ ಸಿಡಿ ಡ್ರೈವು ಮದುವೆ ಸೀಸನ್ ಮುಗಿದ ಮೇಲೆ ಸಿಗಲಿದೆ.